ಬ್ರಿಟನ್ನಿನಲ್ಲಿ ಸರ್ಜನ್ ಆಗಬೇಕೆಂದಿರುವ ತಂಗಿಗೆ

ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ರಾಯಚೂರಿನ ರಿಮ್ಸ್‌ನಲ್ಲಿ ಎಂಬಿಬಿಎಸ್ ಮುಗಿಸಿ, ಹೊರದೇಶದಲ್ಲಿ ಓದಿದ ವೈದ್ಯರು ಬ್ರಿಟನ್ನಿನಲ್ಲಿ ಕೆಲಸ ಮಾಡಲು ಬರೆಯುವ ಪ್ಲ್ಯಾಬ್ ಪರೀಕ್ಷೆಯ ಎರಡೂ ಭಾಗಗಳನ್ನು ದಾಟಿದ್ದೀರಿ. ಈಗ ಉತ್ತರ ಇಂಗ್ಲೆಂಡಿನ ಆಸ್ಪತ್ರೆಯೊಂದರ ಸರ್ಜರಿ ವಿಭಾಗದಿಂದ ಒಂದು ವರ್ಷದ ಟ್ರಸ್ಟ್ ಗ್ರೇಡ್ ಹುದ್ದೆಯ, ಅಂದರೆ ತರಬೇತಿಗೆ ಸೇರದ ಹುದ್ದೆಯ, ಪತ್ರ ಬಂದಿದೆ. ಅದನ್ನು ಒಪ್ಪಿಕೊಳ್ಳಬಹುದೇ ಎಂದು ಮೊದಲು ಕೇಳಿದ್ದೀರಿ. ಚಳಿ, ಬಾಡಿಗೆ, ಊಟದ ಬಗ್ಗೆ ಆಮೇಲೆ ಕೇಳಿದ್ದೀರಿ. ಮನೆಗೆ ತಿಂಗಳಿಗೆ ಎಷ್ಟು ಕಳಿಸಲಾದೀತು ಎಂದು ಕೇಳಿದ್ದೀರಿ. ಕೊನೆಗೆ, ಬರೆಯಲೋ ಬೇಡವೋ ಎಂದು ಅಳುಕುತ್ತಲೇ ಬರೆದಂತಿರುವ ಮಾತು: "ಎಪಿಎಂಸಿ ಹಮಾಲರ ಮಗಳು ನಾನು, ಹತ್ತನೆಯವರೆಗೆ ಕನ್ನಡ ಮಾಧ್ಯಮ, ಮೈಬಣ್ಣ ಕಪ್ಪು. ನನ್ನಂಥವಳನ್ನು ಅಲ್ಲಿ ಸರ್ಜನ್ ಆಗಲು ಬಿಡುತ್ತಾರೆಯೇ ಸರ್? ನಿಮ್ಮನ್ನು ಹೇಗೆ ಬಿಟ್ಟರು?" ಸರ್ ಎಂಬುದು ಬೇಡ. ನಮ್ಮ ಸೀಮೆಯವರು ನೀವು, ಅಣ್ಣ ಎಂದರೆ ಸಾಕು.

ಸಣ್ಣ ಪ್ರಶ್ನೆಗಳನ್ನು ಮೊದಲು ಮುಗಿಸುತ್ತೇನೆ. ಚಳಿಗೆ ಊರಿನಿಂದ ಏನನ್ನೂ ಹೊತ್ತು ತರಬೇಡಿ, ಅಲ್ಲಿನ ಸ್ವೆಟರ್ ಇಲ್ಲಿನ ಮಳೆಗಾಳಿಗೆ ತಡೆಯುವುದಿಲ್ಲ. ಬಂದ ವಾರವೇ ಮಳೆ ತಡೆಯುವ ಒಂದು ಒಳ್ಳೆಯ ಕೋಟು ಕೊಳ್ಳಿ. ಮೊದಲ ಕೆಲವು ತಿಂಗಳು ಆಸ್ಪತ್ರೆಯ ವಸತಿಯಲ್ಲೇ ಇರುವುದು ಕ್ಷೇಮ. ಜೋಳದ ಹಿಟ್ಟು ಗುಜರಾತಿಗಳ ಅಂಗಡಿಗಳಲ್ಲಿ ಸಿಗುತ್ತದೆ, ರೊಟ್ಟಿ ಮಾತ್ರ ನಮ್ಮ ಕಡೆಯಷ್ಟು ತೆಳ್ಳಗೆ ಬಡಿಯಲು ಬರುವುದಿಲ್ಲ, ಹಿಟ್ಟು ಹಳತಾಗಿರುತ್ತದೆ. ಹಣದ ಮಾತಿಗೆ ಬಂದರೆ, ಅಪ್ಪನ ಸಾಲ ಮೊದಲು ತೀರಲಿ ಎಂಬ ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಸರ್ಜನ್ ಆಗಬಯಸುವವರು ಬರೆಯುವ ಎಂಆರ್‌ಸಿಎಸ್ ಪರೀಕ್ಷೆಯ ಶುಲ್ಕವನ್ನೂ ಕೋರ್ಸುಗಳ ಖರ್ಚನ್ನೂ ತೆಗೆದಿಟ್ಟು ಉಳಿದದ್ದನ್ನು ಕಳಿಸಿ, ಮನೆಯವರಿಗೂ ಅದನ್ನು ಹೇಳಿಯೇ ಕಳಿಸಿ. ಹೆಣ್ಣುಮಗಳಾಗಿ ಸರ್ಜರಿಯಲ್ಲಿ ಏನೇನು ಎದುರಾಗಬಹುದು ಎಂಬುದಕ್ಕೆ ನನ್ನ ಮಾತು ಸಾಲದು. 2023ರಲ್ಲಿ ಇಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಮೂವರು ಮಹಿಳಾ ಸರ್ಜನ್‌ಗಳಲ್ಲಿ ಸುಮಾರು ಇಬ್ಬರು ತಾವು ಲೈಂಗಿಕ ಕಿರುಕುಳಕ್ಕೆ ಗುರಿಯಾಗಿದ್ದಾಗಿ ಹೇಳಿದ್ದರು. ನನ್ನ ವಿಭಾಗದಲ್ಲಿರುವ ಹಿರಿಯ ಸಹೋದ್ಯೋಗಿಯೊಬ್ಬರ ಸಂಪರ್ಕ ಮಾಡಿಸಿಕೊಡುತ್ತೇನೆ, ಅವರೊಡನೆ ಮನಬಿಚ್ಚಿ ಮಾತಾಡಿ.

ಇನ್ನು ಬಿಡುತ್ತಾರೆಯೇ ಎಂಬ ಪ್ರಶ್ನೆ. ಇದಕ್ಕೆ ಉದ್ದವಾಗಿಯೇ ಬರೆಯಬೇಕು.

ನಮ್ಮದು ಲಿಂಗಸುಗೂರು ತಾಲ್ಲೂಕಿನ ಒಣಭೂಮಿಯ ಊರು. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗುಳೆ ಹೋಗುತ್ತಿತ್ತು. ಗುಳೆ ಎಂದರೇನು, ಮನೆಗೆ ಬೀಗ ಹಾಕಿ ಮುದುಕರನ್ನು ಕಟ್ಟೆಯ ಮೇಲೆ ಬಿಟ್ಟು ಹೋಗುವುದೆಂದರೇನು ಎಂದು ನಿಮಗೆ ವಿವರಿಸಬೇಕಾಗಿಲ್ಲ. ಅಪ್ಪ ಗುಳೆ ಇಲ್ಲದ ತಿಂಗಳುಗಳಲ್ಲಿ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಿದ್ದರು. ನಾನು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಿನಲ್ಲಿ ಬೆಳೆದವನು. ಅಲ್ಲಿ ಕಲಿತ ಮೊದಲ ಪಾಠ, ತಟ್ಟೆಗೆ ಬಿದ್ದಷ್ಟನ್ನು ಉಣ್ಣಬೇಕು, ಇನ್ನೊಂದು ಸೌಟು ಕೇಳಬಾರದು ಎಂಬುದು. ಕೇಳಿದ ಹುಡುಗನ ಹೆಸರು ವಾರ್ಡನ್ನರ ನೆನಪಿನಲ್ಲಿ ಉಳಿಯುತ್ತಿತ್ತು, ಮರುದಿನ ಕಸ ಹೊಡೆಯುವ ಪಾಳಿ ಅವನದೇ ಆಗುತ್ತಿತ್ತು. ತಲೆ ತಗ್ಗಿಸಿ ಓದಿದವನಿಗೆ ಸಿಇಟಿ ಸೀಟು ಸಿಕ್ಕಿತು, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಸಿಕ್ಕಿತು. ನಿಮಗೆ 371 ಜೆ ಮೀಸಲಾತಿಯ ಆಸರೆ ಇತ್ತು, ನಮ್ಮ ಕಾಲಕ್ಕೆ ಅದಿನ್ನೂ ಬಂದಿರಲಿಲ್ಲ. ಆದರೂ ಹಾಸ್ಟೆಲ್ಲಿನ ಆ ಪಾಠ ನಮ್ಮಿಬ್ಬರಿಗೂ ಒಂದೇ ಆಗಿರುತ್ತದೆ ಎಂದು ನಂಬಿದ್ದೇನೆ.

ಸರ್ಜನ್ ಆಗಬೇಕೆಂಬ ಆಸೆ ಹುಟ್ಟಿದ್ದು ಅಪ್ಪನ ಹರ್ನಿಯಾದಿಂದ. ಚೀಲ ಹೊತ್ತು ಹೊತ್ತು ಅವರ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಎದ್ದ ಗಂಟು ವರ್ಷಗಳು ಕಳೆದಂತೆ ಮುಷ್ಟಿಯಷ್ಟಾಗಿತ್ತು. ಬೆಳಿಗ್ಗೆ ಎದ್ದು, ಮಲಗಿದಂತೆಯೇ ಅದನ್ನು ಬೆರಳಿನಿಂದ ಒಳಗೆ ತಳ್ಳಿ, ಹಳೆಯ ಪಂಚೆ ಹರಿದು ಮಾಡಿದ ಪಟ್ಟಿಯನ್ನು ಬಿಗಿದು ಕಟ್ಟಿ ಕೆಲಸಕ್ಕೆ ಹೋಗುತ್ತಿದ್ದರು. ನಾನು ಮೂರನೆಯ ವರ್ಷದ ವಿದ್ಯಾರ್ಥಿಯಾಗಿದ್ದಾಗ ಬಳ್ಳಾರಿಗೆ ಕರೆತಂದು ಆಪರೇಷನ್ ಮಾಡಿಸಿದೆ. ನಮ್ಮ ಪ್ರೊಫೆಸರರು ಥಿಯೇಟರಿನಲ್ಲಿ ನನ್ನನ್ನು ಹತ್ತಿರ ನಿಲ್ಲಿಸಿಕೊಂಡು ಒಂದೊಂದೇ ಪದರ ಬಿಡಿಸಿ ತೋರಿಸಿದರು. ಒಂದು ಗಂಟೆಯ ಕೈಕೆಲಸದಿಂದ ಒಬ್ಬ ಮನುಷ್ಯನ ದುಡಿಮೆಯನ್ನೇ ಹಿಂದಿರುಗಿಸಬಹುದು ಎಂಬುದನ್ನು ಅಂದು ಕಂಡೆ. ನಿಮ್ಮ ತಂದೆಯವರೂ ಹಮಾಲಿ ಮಾಡುತ್ತಾರೆಂದು ಬರೆದಿದ್ದೀರಿ. ಅವರಿಗೆ ಅಂಥ ತೊಂದರೆ ಏನಾದರೂ ಇದೆಯೇ ಎಂದು ನೀವು ಬರುವ ಮುನ್ನ ಒಮ್ಮೆ ಕೇಳಿ ನೋಡಿ. ನಮ್ಮವರು ತಾವಾಗಿ ಹೇಳುವವರಲ್ಲ.

ನಾನು ಲಂಡನ್ನಿಗೆ ಬಂದಿಳಿದದ್ದು 2004ರಲ್ಲಿ. ಈಗ ಮ್ಯಾಂಚೆಸ್ಟರಿನಲ್ಲಿ ನಡೆಯುವ ಪ್ಲ್ಯಾಬ್ ಎರಡನೆಯ ಭಾಗ ಆಗ ಲಂಡನ್ನಿನಲ್ಲಿ ನಡೆಯುತ್ತಿತ್ತು. ಪರೀಕ್ಷೆಗೆ ಬಂದ ಭಾರತದ ವೈದ್ಯರೆಲ್ಲ ಪೂರ್ವ ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ಒಂದೊಂದು ಕೋಣೆಗೆ ಮೂವರು ನಾಲ್ವರಂತೆ ಇರುತ್ತಿದ್ದೆವು. ಕೆಲಸ ಸಿಗದೆ ಕೈ ಬರಿದಾದವರು ಅಲ್ಲಿನ ದೇವಸ್ಥಾನದ ಪ್ರಸಾದದಲ್ಲಿ ಹೊಟ್ಟೆ ತುಂಬಿಕೊಳ್ಳುತ್ತಿದ್ದರು, ನಾನೂ ತುಂಬಿಕೊಂಡಿದ್ದೇನೆ. ಸಾಲಿನಲ್ಲಿ ನನ್ನ ಮುಂದೆ ನಿಂತವರು ಎಂಎಸ್ ಮಾಡಿದವರು, ನನ್ನ ಹಿಂದೆ ನಿಂತವರು ಚಿನ್ನದ ಪದಕ ಪಡೆದವರು. ದಿನವೂ ಅರ್ಜಿ ಹಾಕುತ್ತಿದ್ದೆವು. ಬಹುಪಾಲು ಅರ್ಜಿಗಳಿಗೆ ಉತ್ತರವೇ ಬರುತ್ತಿರಲಿಲ್ಲ.

ಆ ಕೋಣೆಯಲ್ಲಿ ಹಿರಿಯರೊಬ್ಬರು ನಮಗೆ 1993ರ ಸಂಗತಿಯೊಂದನ್ನು ಹೇಳಿದರು. ಅನೀಜ್ ಇಸ್ಮಾಯಿಲ್ ಮತ್ತು ಸ್ಯಾಮ್ ಎವರಿಂಗ್ಟನ್ ಎಂಬ ಇಬ್ಬರು ವೈದ್ಯರು, ಇಲ್ಲಿಯೇ ಓದಿದವರೆಂದು ತೋರುವ, ಒಂದೇ ಬಗೆಯ ಅರ್ಹತೆಯುಳ್ಳ ಕಾಲ್ಪನಿಕ ಅರ್ಜಿಗಳನ್ನು ಸಿದ್ಧಪಡಿಸಿ, ಅರ್ಧದಷ್ಟಕ್ಕೆ ಇಂಗ್ಲಿಷ್ ಹೆಸರನ್ನೂ ಅರ್ಧದಷ್ಟಕ್ಕೆ ಏಷ್ಯನ್ ಹೆಸರನ್ನೂ ಇಟ್ಟು ಆಸ್ಪತ್ರೆಗಳಿಗೆ ಕಳಿಸಿದರು. ಸಂದರ್ಶನದ ಪಟ್ಟಿಗೆ ಬಂದವರಲ್ಲಿ ಇಂಗ್ಲಿಷ್ ಹೆಸರಿನವರು ಏಷ್ಯನ್ ಹೆಸರಿನವರ ಎರಡರಷ್ಟಿದ್ದರು. ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು, ಆದರೆ ಅದಕ್ಕೂ ಮುನ್ನ ಸುಳ್ಳು ಅರ್ಜಿ ಹಾಕಿದ ಆರೋಪದ ಮೇಲೆ ಪೊಲೀಸರು ಆ ಇಬ್ಬರನ್ನೂ ಬಂಧಿಸಿದ್ದರು. ಮೊಕದ್ದಮೆ ಮುಂದೆ ಸಾಗಲಿಲ್ಲ. ಇದನ್ನು ಕೇಳಿದ ದಿನ ನನಗೆ ದುಃಖಕ್ಕಿಂತ ಸಮಾಧಾನವೇ ಹೆಚ್ಚಾಯಿತು ಎಂದರೆ ನಿಮಗೆ ವಿಚಿತ್ರವೆನಿಸಬಹುದು. ನನ್ನ ಇಂಗ್ಲಿಷು, ನನ್ನ ಕಾಲೇಜು, ನನ್ನ ಊರು ಎಂದು ದಿನವೂ ನನ್ನಲ್ಲೇ ಕೊರತೆ ಹುಡುಕಿಕೊಳ್ಳುತ್ತಿದ್ದವನಿಗೆ, ಕೊರತೆ ಅರ್ಜಿಯನ್ನು ಓದುವವರ ಕಣ್ಣಿನಲ್ಲೂ ಇರಬಹುದು ಎಂದು ತಿಳಿದದ್ದು ಅಂದೇ.

2006ರ ಏಪ್ರಿಲ್‌ನಲ್ಲಿ ಸರ್ಕಾರ ರಾತ್ರೋರಾತ್ರಿ ಎನ್ನುವಂತೆ ವೀಸಾ ನಿಯಮ ಬದಲಿಸಿತು. ಅಲ್ಲಿಯವರೆಗೆ ಕೆಲಸದ ಪರ್ಮಿಟ್ ಇಲ್ಲದೆ ತರಬೇತಿಗೆ ಸೇರಬಹುದಾಗಿದ್ದ ನಮ್ಮಂಥವರು, ಇಲ್ಲಿನವರೋ ಯುರೋಪಿನವರೋ ಯಾರೂ ಸಿಗದಿದ್ದರೆ ಮಾತ್ರ ಲೆಕ್ಕಕ್ಕೆ ಬರುವಂತಾಯಿತು. ಹೊಲ ಅಡವಿಟ್ಟು ಬಂದವರು ಗಂಟು ಕಟ್ಟಿಕೊಂಡು ಹಿಂದಿರುಗಿದರು. ಭಾರತೀಯ ಮೂಲದ ವೈದ್ಯರ ಸಂಘವಾದ ಬಾಪಿಯೋ ನ್ಯಾಯಾಲಯಕ್ಕೆ ಹೋಗಿ, 2008ರ ಏಪ್ರಿಲ್‌ನಲ್ಲಿ, ಆಗ ಇಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನವರೆಗೂ ಹೋರಾಡಿ, ಆಗಾಗಲೇ ಇಲ್ಲಿದ್ದ ವೈದ್ಯರನ್ನು ಹಾಗೆ ಬದಿಗೆ ಸರಿಸುವಂತೆ ಆರೋಗ್ಯ ಇಲಾಖೆ ಹೊರಡಿಸಿದ್ದ ಸೂಚನೆ ಕಾನೂನಿಗೆ ವಿರುದ್ಧವೆಂಬ ತೀರ್ಪು ತಂದಿತು. ಅಷ್ಟರೊಳಗೆ ಎರಡು ವರ್ಷ ಕಳೆದಿತ್ತು. ನಾನು ಉಳಿದುಕೊಂಡದ್ದು ತರಬೇತಿಯಲ್ಲದ, ಕೆಲಸಕ್ಕೆಂದೇ ಇರುವ ಹುದ್ದೆಯೊಂದು ಸಿಕ್ಕಿದ್ದರಿಂದ. ನಿಮಗೆ ಈಗ ಬಂದಿರುವುದೂ ಅಂಥದೇ ಹುದ್ದೆ, ಆದ್ದರಿಂದ ಮುಂದಿನದನ್ನು ಗಮನವಿಟ್ಟು ಓದಿ.

ಆ ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ನನ್ನ ರಾತ್ರಿ ಒಂದು ಬಗೆಯದಾಗಿತ್ತು, ಹಗಲು ಇನ್ನೊಂದು ಬಗೆಯದು. ರಾತ್ರಿ ಎರಡು ಗಂಟೆಗೆ ಅಪೆಂಡಿಕ್ಸ್ ಒಡೆದು ಬಂದ ರೋಗಿಯನ್ನು ನಾನೊಬ್ಬನೇ ಆಪರೇಷನ್ ಮಾಡುತ್ತಿದ್ದೆ. ವಿಭಾಗದ ಹಿರಿಯ ತಜ್ಞರಾದ ಕನ್ಸಲ್ಟೆಂಟ್ ಫೋನಿನಲ್ಲಿ "ನಿಮ್ಮ ಮೇಲೆ ನನಗೆ ಪೂರ್ಣ ಭರವಸೆಯಿದೆ" ಎಂದು ಹೇಳಿ ಮಲಗುತ್ತಿದ್ದರು. ಬೆಳಿಗ್ಗೆ ಎಂಟೂವರೆಗೆ, ಮೊದಲೇ ಗೊತ್ತುಮಾಡಿದ ಹರ್ನಿಯಾ, ಪಿತ್ತಕೋಶದ ಆಪರೇಷನ್ನುಗಳ ಪಟ್ಟಿ ಆರಂಭವಾದಾಗ ಅದೇ ಕೈಗೆ, ಕೊಯ್ದ ಜಾಗವನ್ನು ಅಗಲಿಸಿ ಹಿಡಿಯುವ ರಿಟ್ರ್ಯಾಕ್ಟರ್ ಬರುತ್ತಿತ್ತು. ಚಾಕು ಮಾತ್ರ, ತರಬೇತಿಯಲ್ಲಿರುವ, ನನಗಿಂತ ಕಿರಿಯ, ಇಲ್ಲಿಯೇ ಓದಿದ ಹುಡುಗನ ಕೈಗೆ ಹೋಗುತ್ತಿತ್ತು. ಲ್ಯಾಂಗೆನ್‌ಬೆಕ್ ರಿಟ್ರ್ಯಾಕ್ಟರಿನ ಹಿಡಿ ಅಂಗೈಗೆ ಒತ್ತುತ್ತದೆ, ಅರ್ಧ ಗಂಟೆಯಲ್ಲಿ ಹೆಬ್ಬೆರಳಿನ ಬುಡ ಜೋಮು ಹಿಡಿಯುತ್ತದೆ, ಎದುರಿನವರು "ಇನ್ನೂ ಸ್ವಲ್ಪ" ಎಂದಾಗಲೆಲ್ಲ ಎಳೆಯಬೇಕು. ಇಷ್ಟೆಲ್ಲ ಆಗಿ, ನಾವು ನಿಂತ ಕಡೆಯಿಂದ ಒಳಗಿನದು ಕಾಣುವುದಿಲ್ಲ: ವೀರ್ಯನಾಳದ ಹುರಿಯನ್ನು ಹೇಗೆ ಬಿಡಿಸಿಕೊಂಡರು, ಇಲಿಯೋಇಂಗ್ವಿನಲ್ ನರವನ್ನು ಯಾವಾಗ ಬದಿಗೆ ಸರಿಸಿದರು, ಹರ್ನಿಯಾದ ಜಾಗಕ್ಕೆ ಹೊಲಿಯುವ ಬಲೆಯಾದ ಮೆಶ್ಶಿನ ಕೆಳತುದಿಗೆ ಮೊದಲ ಹೊಲಿಗೆ ಎಲ್ಲಿ ಬಿತ್ತು, ಇದೊಂದೂ ಕಾಣುವುದಿಲ್ಲ. ನನ್ನ ಅಪ್ಪನ ಹೊಟ್ಟೆಯಲ್ಲಿ ಎಲ್ಲವನ್ನೂ ಬಿಡಿಸಿ ತೋರಿಸಿದ್ದ ಆ ಒಂದೇ ಆಪರೇಷನ್ನನ್ನು ನಾನು ಇಲ್ಲಿ ತಿಂಗಳುಗಟ್ಟಲೆ ಕೈಯಳತೆಯ ದೂರದಲ್ಲಿ ನಿಂತೂ ನೋಡಲಾಗಲಿಲ್ಲ.

ಯಾರೂ ಕೆಟ್ಟ ಮಾತಾಡಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಕಾಫಿ ಕೊಟ್ಟರು, ಮಕ್ಕಳ ಬಗ್ಗೆ ವಿಚಾರಿಸಿದರು, ಕ್ರಿಸ್‌ಮಸ್ ಊಟಕ್ಕೆ ಕರೆದರು. ನೀವು ನಿರೀಕ್ಷಿಸುತ್ತಿರುವ ಭೇದಭಾವ ಬೈಗುಳದ ರೂಪದಲ್ಲಿ ಬರುತ್ತದೆ ಎಂದುಕೊಂಡಿದ್ದರೆ, ಬಹುಪಾಲು ಹಾಗೆ ಬರುವುದಿಲ್ಲ. ಅದು ಕೆಲಸ ಹಂಚುವ ರೀತಿಯಲ್ಲಿ ಬರುತ್ತದೆ. 1980ರ ದಶಕದ ಕೊನೆಯಲ್ಲಿ ಸ್ಟಾಫ್ ಗ್ರೇಡ್ ಎಂಬ ದರ್ಜೆಯನ್ನು ಹುಟ್ಟುಹಾಕಿದಂದಿನಿಂದ ಆ ಹುದ್ದೆಗಳಲ್ಲಿ ಹೊರದೇಶಗಳಲ್ಲಿ ಓದಿ ಬಂದವರೇ ಹೆಚ್ಚಾಗಿ ತುಂಬಿಕೊಂಡರು. ಆಸ್ಪತ್ರೆ ನಡೆಯಲು ಅವರು ಬೇಕು, ಆದರೆ ಅವರಿಗೆ ಕಲಿಸಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ. ಹೊಲ ಉತ್ತವನಿಗೆ ರಾಶಿಯಲ್ಲಿ ಪಾಲಿಲ್ಲ ಎಂಬಂಥ ಏರ್ಪಾಡು.

ಅದನ್ನು ಸಹಿಸಿಕೊಳ್ಳುವ ಶಕ್ತಿ ನಮ್ಮಂಥವರಲ್ಲಿ ಅತಿಯಾಗಿದೆ, ಮತ್ತು ನಿಮಗೆ ಹೇಳಬೇಕಾದ ಮುಖ್ಯ ಮಾತು ಇದೇ. ಬಡತನ ನಮ್ಮನ್ನು ಬದುಕಿಸಿದ್ದು ಒಂದು ಶಿಸ್ತಿನಿಂದ: ಕೊಟ್ಟಷ್ಟನ್ನು ತೆಗೆದುಕೊ, ಎದುರಾಡಬೇಡ, ಹೆಚ್ಚು ಕೇಳಬೇಡ, ದುಡಿ, ಯಾರೋ ಒಬ್ಬರು ನೋಡಿ ಮೆಚ್ಚುತ್ತಾರೆ. ಹಾಸ್ಟೆಲ್ಲಿನಲ್ಲಿ ಅದು ನಿಜವೂ ಆಗಿತ್ತು. ಮಾರ್ಕ್ಸ್ ಕಾರ್ಡು ಮಾತಾಡುತ್ತಿತ್ತು, ಸಿಇಟಿ ರ‍್ಯಾಂಕಿಗೆ ಬಣ್ಣ ಕಾಣುತ್ತಿರಲಿಲ್ಲ. ಸರ್ಜರಿ ಹಾಗಲ್ಲ. ಸರ್ಜರಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬರುವ ವಿದ್ಯೆ. ಎದುರಿಗೆ ನಿಂತ ಹಿರಿಯರು ತಮ್ಮ ರೋಗಿಯ ಹೊಟ್ಟೆಯನ್ನು ನಂಬಿ ನಿಮ್ಮ ಕೈಗೆ ಒಪ್ಪಿಸಿದರೆ ಮಾತ್ರ ಅದು ಬರುತ್ತದೆ, ಮತ್ತು ಆ ನಂಬಿಕೆ ತಮ್ಮಂತೆ ಕಾಣುವ, ತಮ್ಮಂತೆ ಮಾತಾಡುವ ಹುಡುಗನ ಕಡೆಗೆ ತಾನಾಗಿ ಹರಿಯುತ್ತದೆ. ನಮ್ಮ ಕಡೆಗೆ ಅದನ್ನು ಕೇಳಿ ತಿರುಗಿಸಿಕೊಳ್ಳಬೇಕು. ಇಲ್ಲಿನ ಹುಡುಗರು "ಈ ಪಟ್ಟಿಯಲ್ಲಿ ಎರಡನೆಯದು ನನ್ನದು" ಎಂದು ಎಷ್ಟು ಸಲೀಸಾಗಿ ಹೇಳುತ್ತಾರೆಂದರೆ, ಮೊದಮೊದಲು ಅದು ನನಗೆ ಒರಟುತನವೆಂದೇ ತೋರುತ್ತಿತ್ತು.

ಇದನ್ನು ನನಗೆ ಬಿಡಿಸಿ ಹೇಳಿದವರು ಅದೇ ಥಿಯೇಟರಿನಲ್ಲಿದ್ದ, ನಿವೃತ್ತಿಯ ಹೊಸ್ತಿಲಲ್ಲಿದ್ದ ಜಮೈಕಾದ ಹಿರಿಯ ಸಿಸ್ಟರ್. ಅವರು ಹದಿಹರೆಯದಲ್ಲಿ ನರ್ಸಿಂಗ್ ಕಲಿಯಲೆಂದು ಇಲ್ಲಿಗೆ ಬಂದಾಗ, ಮೂರು ವರ್ಷದ ಸ್ಟೇಟ್ ರಿಜಿಸ್ಟರ್ಡ್ ನರ್ಸ್ ತರಬೇತಿಗೆ ಬೇಕಾದ ಅರ್ಹತೆಯಿದ್ದರೂ, ಎರಡು ವರ್ಷದ ಸ್ಟೇಟ್ ಎನ್‌ರೋಲ್ಡ್ ತರಬೇತಿಗೆ ಸೇರಿಸಿದ್ದರು. ಆ ಎರಡನೆಯ ದಾರಿಯಲ್ಲಿ ಬಡ್ತಿಯಿಲ್ಲ, ಆ ಪ್ರಮಾಣಪತ್ರಕ್ಕೆ ಅವರ ದೇಶದಲ್ಲಿ ಬೆಲೆಯೂ ಇಲ್ಲ. ಕೆರಿಬಿಯನ್ ದ್ವೀಪಗಳಿಂದ ಬಂದ ಸಾವಿರಾರು ಹೆಣ್ಣುಮಕ್ಕಳಿಗೆ ಹೀಗೆಯೇ ಆಗಿತ್ತು. ವ್ಯತ್ಯಾಸ ಏನೆಂದು ಯಾರೂ ಹೇಳಲಿಲ್ಲ, ತಾವೂ ಕೇಳಲಿಲ್ಲ, ಹಿಂದಿರುಗಿ ಇನ್ನೊಮ್ಮೆ ಓದಿ ಮೇಲೆ ಬರುವಷ್ಟರಲ್ಲಿ ಯೌವನವೇ ಕಳೆಯಿತು ಎಂದರು. ರಕ್ತ ಒರೆಸುವ ಗಾಜ್ ಬಟ್ಟೆಯ ತುಂಡುಗಳನ್ನು ಎಣಿಸಿ ತಟ್ಟೆಗೆ ಹಾಕುತ್ತ, ನನ್ನ ಮುಖವನ್ನೂ ನೋಡದೆ, "ನಿಮ್ಮ ಲಾಗ್‌ಬುಕ್ಕನ್ನು ಅಚ್ಚು ಹಾಕಿ ಮೇಜಿನ ಮೇಲೆ ಇಡಿ. ಬಾಯಲ್ಲಿ ಹೇಳಿದರೆ ಮರೆಯುತ್ತಾರೆ" ಎಂದರು.

ಲಾಗ್‌ಬುಕ್ ಎಂದರೆ ನಾವು ಭಾಗವಹಿಸಿದ ಪ್ರತಿಯೊಂದು ಆಪರೇಷನ್ನಿನ ದಾಖಲೆ. ಇಲ್ಲಿ ಅದು ಕಂಪ್ಯೂಟರಿನಲ್ಲಿರುತ್ತದೆ, ಪ್ರತಿಯೊಂದರ ಎದುರು ಒಂದು ಸಂಕೇತ ಹಾಕಬೇಕು. ಸಹಾಯಕನಾಗಿ ನಿಂತಿದ್ದರೆ 'ಎ'. ಹಿರಿಯರು ಕೈತೊಳೆದು ಎದುರು ನಿಂತಿರುವಾಗ ನಾವು ಮಾಡಿದ್ದರೆ 'ಎಸ್-ಟಿಎಸ್'. ಅವರು ಕೈತೊಳೆಯದೆ ಥಿಯೇಟರಿನಲ್ಲಿದ್ದರೆ 'ಎಸ್-ಟಿಯು'. ನಾವೇ ಸ್ವತಂತ್ರವಾಗಿ ಮಾಡಿದ್ದರೆ 'ಪಿ'. ನಾನು ಅಚ್ಚು ಹಾಕಿಸಿದ ಹಾಳೆಗಳಲ್ಲಿ ರಾತ್ರಿಯ ಅಪೆಂಡಿಕ್ಸುಗಳ ಎದುರು 'ಪಿ', ಹಗಲಿನ ಎಲ್ಲದರ ಎದುರು ಪುಟದ ಮೇಲಿನಿಂದ ಕೆಳಗಿನವರೆಗೆ 'ಎ'. ನಡುವಿನ ಎರಡು ಸಂಕೇತಗಳು, ಅಂದರೆ ಕಲಿಸಿದ್ದಕ್ಕೆ ಸಾಕ್ಷಿಯಾಗುವ ಸಂಕೇತಗಳು, ಇಡೀ ಕಟ್ಟಿನಲ್ಲಿ ಇರಲೇ ಇಲ್ಲ. ಅದನ್ನು ವಿಭಾಗದ ಮುಖ್ಯಸ್ಥರ ಮೇಜಿನ ಮೇಲಿಟ್ಟು, ವಾರಕ್ಕೆ ಅರ್ಧ ದಿನದ ಒಂದು ಪಟ್ಟಿಯಲ್ಲಿ ನನಗೆ ಕಲಿಸಬೇಕು ಎಂದು ಕೇಳಿದೆ. ಅಂದೇ ಸಂಜೆ ಅದನ್ನೇ ಇಮೇಲ್ ಆಗಿಯೂ ಕಳಿಸಿದೆ. ಕೇಳುವಾಗ ಧ್ವನಿ ನಡುಗುತ್ತಿತ್ತು. ಅವರು ಹಾಳೆಗಳನ್ನು ಬಹಳ ಹೊತ್ತು ತಿರುವಿ ಹಾಕಿ, "ಇದು ಸರಿಯಲ್ಲ" ಎಂದಷ್ಟೇ ಹೇಳಿದರು. ಮುಂದಿನ ತಿಂಗಳ ರೋಟಾದಲ್ಲಿ, ಅಂದರೆ ಕೆಲಸದ ಪಾಳಿಪಟ್ಟಿಯಲ್ಲಿ, ಗುರುವಾರ ಮಧ್ಯಾಹ್ನದ ಪಟ್ಟಿಯ ಎದುರು ನನ್ನ ಹೆಸರಿತ್ತು. ಇಲ್ಲಿ ನಾನು ಹಗಲಿನಲ್ಲಿ ಮಾಡಿದ ಮೊದಲ ಹರ್ನಿಯಾ ಒಬ್ಬ ನಿವೃತ್ತ ಗಣಿ ಕಾರ್ಮಿಕರದು. ಅವರ ಭುಜದ ಮೇಲಿನ ಹಳೆಯ ಗಾಯದ ಗುರುತುಗಳನ್ನು ಕಂಡು ನನಗೆ ಅಪ್ಪನ ಬೆನ್ನು ನೆನಪಾಯಿತು.

ಅಲ್ಲಿಂದ ಮುಂದಿನದು ದೀರ್ಘವಾದರೂ ನೇರವಾದ ದಾರಿ. ಬೇರೊಂದು ಆಸ್ಪತ್ರೆಯಲ್ಲಿ ಸ್ಕಾಟ್ಲೆಂಡಿನವರಾದ ಕನ್ಸಲ್ಟೆಂಟರೊಬ್ಬರು ನನಗೆ ಕರುಳಿನ ಸರ್ಜರಿಯನ್ನು ಮಗನಿಗೆ ಕಲಿಸುವಂತೆ ಕಲಿಸಿದರು; ಒಳ್ಳೆಯವರೂ ಇಲ್ಲಿ ಬಹಳ ಮಂದಿ ಇದ್ದಾರೆ ಎಂಬುದನ್ನು ನಾನು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಸರ್ಜನ್‌ಗಳ ಕೊನೆಯ ಹಂತದ ಪರೀಕ್ಷೆಯಾದ ಎಫ್‌ಆರ್‌ಸಿಎಸ್ ಆಯಿತು. ತರಬೇತಿ ಹುದ್ದೆಯಲ್ಲಿ ಇಲ್ಲದವರು ತಮ್ಮ ಅನುಭವದ ದಾಖಲೆಗಳನ್ನು ಒಪ್ಪಿಸಿ ಸ್ಪೆಷಲಿಸ್ಟ್ ಪಟ್ಟಿಗೆ ಸೇರುವ ಸೀಸರ್ ಎಂಬ ದಾರಿಯಿಂದ ನಾನು ಕನ್ಸಲ್ಟೆಂಟ್ ಆದೆ. ಆ ದಾರಿಗೆ ಈಗ ಪೋರ್ಟ್‌ಫೋಲಿಯೋ ಪಾತ್‌ವೇ ಎನ್ನುತ್ತಾರೆ. 2023ರ ನವೆಂಬರ್ 30ರಿಂದ ನಿಯಮವೂ ಬದಲಾಗಿದೆ, ತರಬೇತಿ ಪಡೆದವರಿಗೆ ಸರಿಸಮವೆಂದು ಅಂಶ ಅಂಶವಾಗಿ ತೋರಿಸುವ ಬದಲು, ಸ್ಪೆಷಲಿಸ್ಟ್ ಆಗಲು ಬೇಕಾದ ಜ್ಞಾನ, ಕೌಶಲ, ಅನುಭವ ಇದೆಯೆಂದು ತೋರಿಸಿದರೆ ಸಾಕು. ಆದರೂ ಸಾಕ್ಷ್ಯ ಬೇಕೇ ಬೇಕು, ಮತ್ತು ಸಾಕ್ಷ್ಯವನ್ನು ಮೊದಲ ದಿನದಿಂದಲೇ ಕೂಡಿಡಬೇಕು.

ಈಸ್ಟ್ ಹ್ಯಾಮಿನ ಕೋಣೆಯಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದ ಗೆಳೆಯ ನನಗಿಂತ ಉತ್ತಮ ಸರ್ಜನ್. ಇದನ್ನು ಸ್ನೇಹಕ್ಕಾಗಿ ಹೇಳುತ್ತಿಲ್ಲ. ಅವನು ಗಂಟು ಹಾಕುವುದನ್ನು ನೋಡಿದ ಯಾರಾದರೂ ಹೇಳಬಲ್ಲರು, ಎಳೆ ಒಮ್ಮೆಯೂ ಅಂಗಾಂಶವನ್ನು ಎಳೆಯುತ್ತಿರಲಿಲ್ಲ. ಅವನೂ ಹಾಸ್ಟೆಲ್ಲಿನಲ್ಲಿ ಬೆಳೆದವನು, ನಮ್ಮ ಕಡೆಯವನೇ. ಕೇಳುವುದೆಂದರೆ ಅವನಿಗೆ ಬೇಡಿದಂತೆ. "ದುಡಿಯೋಣ, ಅವರೇ ಗುರುತಿಸುತ್ತಾರೆ" ಎಂದು ಒಂದೇ ಆಸ್ಪತ್ರೆಯಲ್ಲಿ ಹತ್ತಾರು ವರ್ಷ ರಾತ್ರಿ ಪಾಳಿ ಮಾಡಿದ. ಅವನು ಕೈಹಿಡಿದು ಕಲಿಸಿದ ಹುಡುಗರು ಅವನ ಮೇಲೆಯೇ ಕನ್ಸಲ್ಟೆಂಟರಾಗಿ ಬಂದರು. ಕೊನೆಗೆ ಬೆನ್ನುನೋವಿನ ನೆಪದಲ್ಲಿ ಆಪರೇಷನ್ ಬಿಟ್ಟು ಬೇರೆ ಕೆಲಸ ಹಿಡಿದ. ಈಗಲೂ ಫೋನಿನಲ್ಲಿ ಮಾತಾಡುತ್ತೇವೆ, ಮಕ್ಕಳು, ಮಳೆ, ಊರಿನ ಜಾತ್ರೆ ಎಲ್ಲ ಬರುತ್ತದೆ, ಸರ್ಜರಿಯ ಮಾತು ಮಾತ್ರ ಬರುವುದಿಲ್ಲ. ನಾನು ಕನ್ಸಲ್ಟೆಂಟ್ ಆದ ಸುದ್ದಿ ಹೇಳಿದಾಗ ಅವನಷ್ಟು ಸಂತೋಷಪಟ್ಟವರು ಇನ್ನಾರೂ ಇರಲಿಲ್ಲ. ಅಂಥ ಕೈಯನ್ನು ಈ ವ್ಯವಸ್ಥೆ ಬಳಸಿಕೊಂಡು ಬಿಸಾಡಿತು ಎಂಬ ನೋವು ನನ್ನಲ್ಲಿ ಆರಿಲ್ಲ. ನಿಮಗೆ ಇಷ್ಟು ಉದ್ದ ಬರೆಯುತ್ತಿರುವುದೂ ಆ ನೋವಿನಿಂದಲೇ.

ರೋಗಿಗಳ ಬಗ್ಗೆ ಕೇಳಿರಲಿಲ್ಲ, ಆದರೂ ಹೇಳುತ್ತೇನೆ. "ಇಂಗ್ಲಿಷ್ ಡಾಕ್ಟರ್ ಬೇಕು" ಎನ್ನುವವರು ಸಿಗುತ್ತಾರೆ, ವಿರಳ. 2020ರ ಏಪ್ರಿಲ್‌ನಿಂದ, ಸಿಬ್ಬಂದಿಯನ್ನು ಜನಾಂಗದ ಹೆಸರಿನಲ್ಲಿ ನಿಂದಿಸುವ ರೋಗಿಗೆ ತುರ್ತಲ್ಲದ ಚಿಕಿತ್ಸೆಯನ್ನು ನಿರಾಕರಿಸುವ ಅಧಿಕಾರ ಆಸ್ಪತ್ರೆಗಳಿಗಿದೆ; ನೀವೇ ವಾದಕ್ಕಿಳಿಯಬೇಡಿ, ಸಿಸ್ಟರಿಗೆ ಹೇಳಿ, ದಾಖಲಿಸಿ. ಅದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮೌನದ ಬಗ್ಗೆ. ಇಲ್ಲಿನ ವೈದ್ಯರ ನೋಂದಣಿ, ನಿಯಂತ್ರಣ ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲ್ ಮಾಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊರದೇಶದಲ್ಲಿ ಓದಿ ಬಂದ ವೈದ್ಯರ ಮೇಲೆ ಆಸ್ಪತ್ರೆಗಳು ಕೌನ್ಸಿಲ್ಲಿಗೆ ದೂರು ಒಯ್ಯುವ ಪ್ರಮಾಣ ಇಲ್ಲಿ ಓದಿದವರದಕ್ಕಿಂತ ಎರಡೂವರೆ ಪಟ್ಟು. ಕಾರಣಗಳಲ್ಲಿ ಒಂದು, ನಮ್ಮ ತಪ್ಪುಗಳನ್ನು ಮುಖಕ್ಕೆ ಹೇಳಲು ಮೇಲಿನವರು ಹಿಂಜರಿಯುವುದು. ನಮ್ಮಲ್ಲಿ ಪ್ರೊಫೆಸರರು ವಾರ್ಡಿನ ನಡುವೆಯೇ ಬೈದು, ಮಧ್ಯಾಹ್ನ ಚಹಾ ಕುಡಿಸುತ್ತಿದ್ದರು. ಇಲ್ಲಿ "ಎಲ್ಲ ಚೆನ್ನಾಗಿದೆ" ಎನ್ನುತ್ತಲೇ ಇದ್ದು ಒಂದು ದಿನ ಪತ್ರ ಕೊಡಬಹುದು. ಆದ್ದರಿಂದ ತಿಂಗಳಿಗೊಮ್ಮೆ ನೀವೇ ಹೋಗಿ, "ನಾನು ಎಲ್ಲಿ ತಿದ್ದಿಕೊಳ್ಳಬೇಕು" ಎಂದು ಕೇಳಿ ಬರೆದಿಟ್ಟುಕೊಳ್ಳಿ. ದೂರು, ಮೊಕದ್ದಮೆ ಬಂದಾಗ ವೈದ್ಯರ ನೆರವಿಗೆ ನಿಲ್ಲುವ ಎಂಡಿಯು ಅಥವಾ ಎಂಪಿಎಸ್ ಸಂಸ್ಥೆಯ ಸದಸ್ಯತ್ವವನ್ನು ಕೆಲಸ ಸೇರುವ ಮುನ್ನವೇ ಮಾಡಿಸಿ.

ನಮ್ಮವರ ನಡುವಿನ ಮಾತನ್ನೂ ಮುಚ್ಚಿಡುವುದಿಲ್ಲ. ಇಲ್ಲಿ ಭಾರತೀಯರ ಮನೆಗಳಿಗೆ ಊಟಕ್ಕೆ ಹೋದಾಗ, ಯಾವ ಊರು ಎಂಬ ಪ್ರಶ್ನೆಯ ಹಿಂದೆ ಯಾವ ಪೈಕಿ ಎಂಬ ಪ್ರಶ್ನೆ ಬರಬಹುದು. 2010ರ ಸಮಾನತಾ ಕಾಯ್ದೆಗೆ ಜಾತಿಯನ್ನು ಹೆಸರಿಸಿ ಸೇರಿಸಬೇಕೆಂದು 2013ರಲ್ಲಿ ಸಂಸತ್ತು ಹೇಳಿತ್ತು, 2018ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಬಿಳಿಯರಿಂದ ಸಮಾನತೆ ಕೇಳುವ ನಮ್ಮವರು ಅದೇ ಮೇಜಿನ ಮೇಲೆ ಜಾತಿ ಕೇಳುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ನೀವು ಉತ್ತರ ಕೊಡಬೇಕಾದ ಋಣ ಯಾರಿಗೂ ಇಲ್ಲ.

ಹೆಮ್ಮೆಯ ಮಾತೂ ಇದೆ. 2020ರಲ್ಲಿ ಕೋವಿಡ್‌ಗೆ ಈ ದೇಶದಲ್ಲಿ ಮೊದಲು ಬಲಿಯಾದ ಹತ್ತು ವೈದ್ಯರೂ ಬಿಳಿಯರಲ್ಲದ ಸಮುದಾಯಗಳವರು. ಅವರಲ್ಲಿ ಸರ್ಜನ್‌ಗಳಿದ್ದರು, ಹೊರದೇಶದಲ್ಲಿ ಹುಟ್ಟಿ ಇಲ್ಲಿ ನೆಲೆಸಿದವರಿದ್ದರು. ಈ ಆಸ್ಪತ್ರೆಗಳನ್ನು ನಿಲ್ಲಿಸಿದವರಲ್ಲಿ ನಾವೂ ಇದ್ದೇವೆ, ಬೇಡಿ ಬಂದವರಂತೆ ತಲೆ ತಗ್ಗಿಸುವ ಕಾರಣವಿಲ್ಲ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಪರಿಸ್ಥಿತಿ ನನ್ನ ಕಾಲಕ್ಕಿಂತ ಬಿಗಿಯಾಗಿದೆ. 2025ರಲ್ಲಿ ಎಲ್ಲ ವಿಭಾಗಗಳೂ ಸೇರಿ ಸುಮಾರು 10,000 ತರಬೇತಿ ಸ್ಥಾನಗಳಿಗೆ 30,000ಕ್ಕೂ ಹೆಚ್ಚು ವೈದ್ಯರು ಸ್ಪರ್ಧಿಸಿದರು, ಆ ವರ್ಷದ ಜುಲೈನಲ್ಲಿ ಪ್ರಕಟವಾದ ಹತ್ತು ವರ್ಷದ ಆರೋಗ್ಯ ಯೋಜನೆ ಇಲ್ಲಿನ ಪದವೀಧರರಿಗೆ ಆದ್ಯತೆ ಎಂದು ಸ್ಪಷ್ಟವಾಗಿ ಹೇಳಿದೆ. ಪ್ಲ್ಯಾಬ್ ಪಾಸಾಗಿಯೂ ಕೆಲಸವಿಲ್ಲದೆ ಕುಳಿತವರು ಅನೇಕರಿದ್ದಾರೆ. ಹಾಗಾಗಿ ಕೈಗೆ ಬಂದ ಹುದ್ದೆಯನ್ನು ತಳ್ಳಬೇಡಿ. ಆದರೆ ಸಹಿ ಮಾಡುವ ಮುನ್ನ ನಿಮ್ಮ ಕಲಿಕೆಯ ಹೊಣೆ ಹೊರುವ ಎಜುಕೇಷನಲ್ ಸೂಪರ್‌ವೈಸರ್ ಯಾರು ಎಂದು ಹೆಸರು ಸಹಿತ ಕೇಳಿ, ವಾರಕ್ಕೆ ಎಷ್ಟು ಥಿಯೇಟರ್ ಪಟ್ಟಿಗಳಲ್ಲಿ ನಿಮಗೆ ಕಲಿಸಲಾಗುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ, ಪರೀಕ್ಷೆಗೆ ರಜೆಯೂ ಹಣವೂ ಇದೆಯೇ ನೋಡಿ. ಸರ್ಜರಿ ತರಬೇತಿಯ ಮೊದಲ ಹಂತವಾದ ಕೋರ್ ಸರ್ಜಿಕಲ್ ಟ್ರೈನಿಂಗ್‌ಗೆ ಅರ್ಜಿ ಹಾಕುವವರ ಸರ್ಜರಿ ಅನುಭವ 18 ತಿಂಗಳು ಮೀರಿರಬಾರದು ಎಂಬ ಮಿತಿಯಿದೆ. ಟ್ರಸ್ಟ್ ಗ್ರೇಡಿನಲ್ಲಿ ವರ್ಷಗಳನ್ನು ಕಳೆದವರಿಗೆ ಆ ಬಾಗಿಲು ತಿಳಿಯದಂತೆಯೇ ಮುಚ್ಚಿಹೋಗಿರುತ್ತದೆ. ನೀವು ಅರ್ಜಿ ಹಾಕುವ ವರ್ಷದ ಅರ್ಹತಾ ಸೂಚನೆಯನ್ನು ನೀವೇ ಓದಿ ತಿಂಗಳ ಲೆಕ್ಕ ಇಟ್ಟುಕೊಳ್ಳಿ. ಎಂಆರ್‌ಸಿಎಸ್‌ನ ಮೊದಲ ಭಾಗವನ್ನು ಊರಿನಲ್ಲಿರುವಾಗಲೇ ಬರೆದರೆ ಇನ್ನೂ ಒಳ್ಳೆಯದು.

ಆಸ್ಪತ್ರೆಯವರಿಗೆ ಕೇಳುವ ಇಮೇಲನ್ನು ಹೇಗೆ ಬರೆಯಬೇಕೆಂಬ ಸಂಕೋಚ ನಿಮಗೆ ಬಂದೇ ಬರುತ್ತದೆ. ಮೊದಲು ಕನ್ನಡದಲ್ಲೇ ಬರೆದು ನನಗೆ ಕಳಿಸಿ, ಇಬ್ಬರೂ ಕೂಡಿ ಇಂಗ್ಲಿಷಿಗೆ ತರೋಣ. ಹುದ್ದೆಯ ಕರಾರುಪತ್ರದ ಪ್ರತಿಯನ್ನೂ ಜೊತೆಗಿಡಿ. ಅವರು ಉತ್ತರಕ್ಕೆ ಕೊಟ್ಟಿರುವ ಗಡುವು ಯಾವ ದಿನಕ್ಕೆ ಮುಗಿಯುತ್ತದೆ ಎಂಬುದನ್ನು ನೀವು ಬರೆದಿಲ್ಲ, ಅದನ್ನು ಇಂದೇ ತಿಳಿಸಿ.